ಒತ್ತು, ಸೀಳು ಎಲ್ಲ ಕಾಣುವ ಮಾನಿಟರ್ ಆರಿಸೋದು ಹೇಗೆ?

ನಾನು ಕನ್ನಡ ಪುಸ್ತಕಗಳ ಕರಡು ತಿದ್ದುವವಳು. ದಿನಕ್ಕೆ ಏಳೆಂಟು ಗಂಟೆ ಮಾನಿಟರ್ ಮುಂದೆಯೇ ಕಳೆಯುತ್ತದೆ. ಕೆಲವು ವರ್ಷದ ಹಿಂದೆ, ದೊಡ್ಡದಿದ್ದರೆ ಕಣ್ಣಿಗೆ ಆರಾಮ ಅಂದುಕೊಂಡು, ರಿಯಾಯಿತಿಯಲ್ಲಿದ್ದ 27 ಇಂಚಿನ ಫುಲ್ ಎಚ್‌ಡಿ ಮಾನಿಟರ್ ತಂದೆ. ಅದರಲ್ಲೇ ಒಂದು ಆಮಂತ್ರಣ ಪತ್ರಿಕೆ ತಿದ್ದಿ ಕಳಿಸಿದೆ. ಅಚ್ಚಾಗಿ ಬಂದಾಗ ನೋಡಿದರೆ 'ಧನಸಹಾಯ ಮಾಡಿದವರು' ಇರಬೇಕಾದಲ್ಲಿ 'ದನಸಹಾಯ ಮಾಡಿದವರು'! ಸಂಘದವರು ನಕ್ಕರು. ದುಡ್ಡು ಕೊಟ್ಟವರು ನಗಲಿಲ್ಲ.

ತಪ್ಪು ನನ್ನದೇ, ಬಿಡಿ. ಆದರೆ ಅದೇ ಫೈಲ್ ತೆರೆದು, ಮಾನಿಟರಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಸರಿಯಾಗಿದ್ದ ಬೇರೆ ಧ-ಗಳಲ್ಲೂ ಕೆಳಗಿನ ಸೀಳು ಬರೀ ಒಂದು ಬೂದು ಚುಕ್ಕಿಯಾಗಿತ್ತು. ಥ-ದ ಒಳಗಿನ ಚುಕ್ಕಿಯಂತೂ ಗೋಡೆಗೆ ಅಂಟಿಕೊಂಡೇ ಹೋಗಿತ್ತು. ಇಂಗ್ಲಿಷ್ ಓದುವವರಿಗೆ ಸಾಕಾಗುವ ಮಾನಿಟರ್ ನಮಗೆ ಸಾಕಾಗಲ್ಲ. ಅಕ್ಷರ, ಅದರ ಮೇಲೆ ಗುಡಿಸು, ಕೆಳಗೆ ಒತ್ತು, ಒಮ್ಮೊಮ್ಮೆ ಎರಡು ಒತ್ತು, ಎಲ್ಲ ಅಷ್ಟೇ ಎತ್ತರದಲ್ಲಿ ಹಿಡಿಯಬೇಕು. ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಪರದೆ ಮೇಲಿನದ್ದನ್ನೆಲ್ಲ ಹಿಗ್ಗಿಸುವ ಸೆಟ್ಟಿಂಗ್) 100 ಪರ್ಸೆಂಟ್ ಇಟ್ಟು 11 ಪಾಯಿಂಟ್ ಅಕ್ಷರ ಹಾಕಿದರೆ ಎತ್ತರಕ್ಕೆ ಸಿಗೋದು ಸುಮಾರು 15 ಪಿಕ್ಸೆಲ್, ಅಂದರೆ ಪರದೆಯ 15 ಚುಕ್ಕಿ. 'ಸ್ತ್ರೀ' ಅನ್ನೋ ಒಂದೇ ಅಕ್ಷರವನ್ನು ಅಷ್ಟರಲ್ಲಿ ಬರೆಯಿರಿ ನೋಡೋಣ.

ಹಾಗಾಗಿ ಇಂಚು ಕೇಳಬೇಡಿ, ಇಂಚಿಗೆ ಎಷ್ಟು ಪಿಕ್ಸೆಲ್ ಅಂತ ಕೇಳಿ. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್. 22 ಇಂಚಿಗೂ ಅಷ್ಟೇ, 27 ಇಂಚಿಗೂ ಅಷ್ಟೇ. ಒಂದೇ ಉಂಡೆ ಹಿಟ್ಟಲ್ಲಿ ದೊಡ್ಡ ರೊಟ್ಟಿ ತಟ್ಟಿದ ಹಾಗೆ, ತೆಳ್ಳಗಾಗಿ ತೂತು ಬೀಳುತ್ತದೆ. ಲೆಕ್ಕ ಹೀಗಿದೆ: 27 ಇಂಚಿನ ಫುಲ್ ಎಚ್‌ಡಿಯಲ್ಲಿ ಇಂಚಿಗೆ ಸುಮಾರು 82 ಪಿಕ್ಸೆಲ್, 24 ಇಂಚಿನದರಲ್ಲಿ 92. 2560×1440 ಇರುವ 27 ಇಂಚಿನದರಲ್ಲಿ 109. ಅದೇ 27 ಇಂಚಿಗೆ 4ಕೆ (3840×2160) ಆದರೆ 163. ಇದೇ 1440 ಅನ್ನು 32 ಇಂಚಿಗೆ ಹಿಗ್ಗಿಸಿದರೆ ಮತ್ತೆ 92ಕ್ಕೇ ಬಂದು ನಿಲ್ಲುತ್ತದೆ. ದೊಡ್ಡದು ತಂದೆ ಅಂತ ಖುಷಿ ಪಡೋದಷ್ಟೇ.

ನಾನೀಗ ಇಟ್ಟುಕೊಂಡಿರೋದು 27 ಇಂಚಿನ 4ಕೆ, ಸ್ಕೇಲಿಂಗ್ 150. ಅಕ್ಷರದ ಗಾತ್ರ 1440ರ ಮಾನಿಟರಲ್ಲಿ ಕಾಣುವಷ್ಟೇ. ಆದರೆ 15 ಪಿಕ್ಸೆಲ್‌ಗಳಲ್ಲಿ ಮೂಡುತ್ತಿದ್ದ ಅಕ್ಷರ ಈಗ 22ರಲ್ಲಿ ಮೂಡುತ್ತದೆ. ಸೀಳು ಸೀಳಾಗಿಯೇ ಕಾಣುತ್ತದೆ. ಅಷ್ಟು ದುಡ್ಡು ಹಾಕೋಕೆ ಆಗಲ್ಲ ಅಂದರೆ 27 ಇಂಚಿನ 1440 ತಗೊಳ್ಳಿ. ಅದೂ ಜಾಸ್ತಿ ಆಯಿತು ಅಂದರೆ 24 ಇಂಚಿನ ಫುಲ್ ಎಚ್‌ಡಿಗೇ ನಿಲ್ಲಿಸಿ, ಅದಕ್ಕಿಂತ ದೊಡ್ಡ ಫುಲ್ ಎಚ್‌ಡಿ ಬೇಡವೇ ಬೇಡ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಲ್ಲಿ ಒಂದು ಪಿಡಿಎಫ್ ಹಾಕಿಕೊಂಡು ಹೋಗಿ. ಎಸ್‌.ಪಿ. ರಸ್ತೆಗೆ (ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ರಸ್ತೆ) ನಾನು ಒಯ್ದ ಹಾಳೆಯಲ್ಲಿ ಇದ್ದದ್ದು ಇಷ್ಟೇ: ದನ, ಧನ, ಕಥೆ, ಕಠಿಣ, ಶಾಸ್ತ್ರ, ಸ್ತ್ರೀ, ಲಕ್ಷ್ಮೀ, ಉತ್ಪ್ರೇಕ್ಷೆ. 10 ಪಾಯಿಂಟ್ ಒಂದು ಸಾಲು, 11 ಒಂದು ಸಾಲು. ಅಂಗಡಿಯವರು ಗಿಳಿ, ಹೂವು, ಜಲಪಾತದ ವಿಡಿಯೊ ಹಾಕಿರುತ್ತಾರೆ. ಅದರಲ್ಲಿ ಎಲ್ಲ ಮಾನಿಟರೂ ಚೆಂದವೇ ಅಲ್ವಾ? ನಿಮ್ಮ ಹಾಳೆ ತೆರೆಸಿ, ಜೂಮ್ 100ಕ್ಕೆ ಇಡಿಸಿ, ಒಂದು ತೋಳಿನಷ್ಟು ದೂರ ಕೂತು ಓದಿ. ಮುಜುಗರ ಬೇಡ, ದುಡ್ಡು ನಿಮ್ಮದು.

ಹಾಗೇ ಒಂದು ಸಲ ಪಕ್ಕಕ್ಕೆ ಸರಿದು ನೋಡಿ. ಬಣ್ಣ ಮಸುಕಾದರೆ ಅದು ಟಿಎನ್ ಅನ್ನೋ ಬಗೆಯ ಪ್ಯಾನೆಲ್ (ಪರದೆಯ ಫಲಕ) ಇರಬಹುದು, ಅದು ಬೇಡ. ಪುಟವನ್ನು ಸರಸರ ಉರುಳಿಸಿದಾಗ ಅಕ್ಷರದ ಹಿಂದೆ ಕಪ್ಪು ಬಾಲ ಬಂದರೆ ಅದು ವಿಎ ಅನ್ನೋ ಬಗೆಯ ಪ್ಯಾನೆಲ್‌ಗಳಲ್ಲಿ ಕಾಣುವ ತೊಂದರೆ. ಆಫೀಸ್ ಕೆಲಸಕ್ಕೆ ಐಪಿಎಸ್ ಬಗೆಯ ಪ್ಯಾನೆಲ್ ನೆಮ್ಮದಿ. ಒಎಲ್‌ಇಡಿ ಸಿನಿಮಾಕ್ಕೆ ಚೆನ್ನ. ಆದರೆ ಹಲವು ಒಎಲ್‌ಇಡಿಗಳಲ್ಲಿ ಒಂದೊಂದು ಪಿಕ್ಸೆಲ್ ಒಳಗಿನ ಕೆಂಪು, ಹಸಿರು, ನೀಲಿ ಚುಕ್ಕಿಗಳು ಒಂದೇ ಸಾಲಲ್ಲಿ ಇರಲ್ಲ. ವಿಂಡೋಸಿನ ಕ್ಲಿಯರ್‌ಟೈಪ್ ಆ ಸಾಲನ್ನೇ ನಂಬಿ ಅಕ್ಷರ ನುಣುಪು ಮಾಡೋದು. ಅದಕ್ಕೇ ಅಂಚಲ್ಲಿ ಬಣ್ಣ ಬಣ್ಣ ಕಾಣೋದು. ಹೊಳೆಯುವ ಗಾಜಿನ ಪರದೆಯೂ ಬೇಡ, ನಿಮ್ಮ ಟ್ಯೂಬ್‌ಲೈಟ್ ಅದರಲ್ಲೇ ಕೂತಿರುತ್ತದೆ.

ಸ್ಟ್ಯಾಂಡ್ ವಿಷಯ ಯಾರೂ ಹೇಳಲ್ಲ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಲಿ ಅನ್ನೋದು ಎಲ್ಲರಿಗೂ ಹೇಳುವ ಮಾತು. ನನಗೆ ಪ್ರೊಗ್ರೆಸಿವ್ ಕನ್ನಡಕ. ಹತ್ತಿರದ್ದು ಕಾಣೋದು ಗಾಜಿನ ಕೆಳಗಿನ ಭಾಗದಲ್ಲಿ. ಹಾಗಾಗಿ ನನಗೇ ಗೊತ್ತಿಲ್ಲದೆ ಗಲ್ಲ ಎತ್ತಿ ಓದುತ್ತಿದ್ದೆ. ಸಂಜೆ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಮಾನಿಟರ್ ಮೂರು ಇಂಚು ಇಳಿಸಿ, ಸ್ವಲ್ಪ ಹಿಂದಕ್ಕೆ ಬಾಗಿಸಿದ ಮೇಲೆ ಹೋಯಿತು. ಎತ್ತರ ಬದಲಾಗದ ಸ್ಟ್ಯಾಂಡನ್ನು ಏರಿಸೋಕೆ ದಪ್ಪ ನಿಘಂಟು ಕೊಡಬಹುದು, ಇಳಿಸೋಕೆ ಏನು ಕೊಡುತ್ತೀರಿ? ಮೇಲೆ ಕೆಳಗೆ ಆಡುವ ಸ್ಟ್ಯಾಂಡೇ ತಗೊಳ್ಳಿ. ಇಲ್ಲಾಂದರೆ ಮಾನಿಟರಿನ ಬೆನ್ನಲ್ಲಿ ವೆಸಾ ತೂತುಗಳಾದರೂ (ಸ್ಕ್ರೂ ಬಿಗಿಯುವ ತೂತುಗಳು) ಇರಲಿ, ಆಮೇಲೆ ಆರ್ಮ್, ಅಂದರೆ ಮಾನಿಟರ್ ಹಿಡಿಯುವ ತೋಳು, ಹಾಕಿಸಬಹುದು.

ಮನೆಗೆ ತಂದ ಮೇಲೆ ಕೇಬಲ್ ನೋಡಿ. ಮೊದಲ ವಾರ ನನ್ನ ಮೌಸ್ ಕುಂಟುತ್ತಿತ್ತು. ಹಳೆ ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟ್ 1.4ದು, 4ಕೆಯನ್ನು 30 ಹರ್ಟ್ಸ್‌ಗಿಂತ (ಸೆಕೆಂಡಿಗೆ 30 ಚಿತ್ರಕ್ಕಿಂತ) ಮೇಲೆ ಕಳಿಸಲ್ಲ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60 ಇದೆಯಾ ನೋಡಿಕೊಳ್ಳಿ. ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಬೇಕು. ನೀಲಿ ತಲೆಯ ವಿಜಿಎ ಕೇಬಲ್ ಹಾಕಿ ಅಕ್ಷರ ಮಸುಕು ಅನ್ನಬೇಡಿ. ಅಕ್ಷರದ ಅಂಚು ಇನ್ನೂ ಒರಟಾಗಿದ್ದರೆ ಸ್ಟಾರ್ಟ್‌ನಲ್ಲಿ ಕ್ಲಿಯರ್‌ಟೈಪ್ ಹುಡುಕಿ, ಅದು ಕೇಳಿದ ಹಾಗೆ ಅಕ್ಷರ ಚೆನ್ನಾಗಿ ಕಾಣುವ ಚೌಕ ಆರಿಸುತ್ತಾ ಹೋಗಿ.

ಬ್ರೈಟ್‌ನೆಸ್‌ಗೆ ನನ್ನ ಅಳತೆ ಒಂದು ಬಿಳಿ ಹಾಳೆ. ಮಾನಿಟರ್ ಪಕ್ಕ ಹಿಡಿದಾಗ ಹಾಳೆ ಮಂಕಾಗಿ ಕಂಡರೆ ಮಾನಿಟರಿನ ಬೆಳಕು ಜಾಸ್ತಿಯಾಗಿದೆ ಅಂತ. ಕಿಟಕಿ ಎದುರಿಗೂ ಬೇಡ, ಬೆನ್ನಿಗೂ ಬೇಡ, ಪಕ್ಕಕ್ಕಿರಲಿ. ನೀಲಿ ಬೆಳಕಿನ ಕನ್ನಡಕಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಅಮೆರಿಕದ ಕಣ್ಣಿನ ವೈದ್ಯರ ಅಕಾಡೆಮಿಯೇ ಅದನ್ನು ಶಿಫಾರಸು ಮಾಡಲ್ಲ. ಕಣ್ಣು ಉರಿಯೋದು ಹೆಚ್ಚಾಗಿ ನಾವು ರೆಪ್ಪೆ ಮಿಟುಕಿಸೋದು ಮರೆಯೋದರಿಂದ.

ಕೊನೆಗೆ, ತಂದ ದಿನವೇ ಇಡೀ ಪರದೆಗೆ ಬಿಳಿ, ಆಮೇಲೆ ಕಪ್ಪು ಬಣ್ಣ ತುಂಬಿಸಿ, ಸತ್ತ ಪಿಕ್ಸೆಲ್ ಇದೆಯಾ ನೋಡಿ. ವಾಪಸ್ ಕೊಡುವ ಗಡುವು ಮುಗಿಯುವವರೆಗೆ ಡಬ್ಬ, ಥರ್ಮಾಕೋಲ್ ಎರಡನ್ನೂ ಅಟ್ಟದ ಮೇಲೆ ಇಟ್ಟಿರಿ.