ಸಾಹುಕಾರ್ರ ಮೇಲ್‌ನಿಂದ ತೌಡು ಬೇರೆ ಮಾಡಿದ್ದು

ಗಂಗಾವತಿಯಲ್ಲಿ ನಾಲ್ಕು ರೈಸ್ ಮಿಲ್‌ಗಳ ಲೆಕ್ಕ ಬರೆಯುತ್ತೇನೆ. ಜಿಎಸ್‌ಟಿ, ಬ್ಯಾಂಕು, ಇ-ವೇ ಬಿಲ್ಲಿನ ಜೊತೆಗೆ ಮಿಲ್‌ನ ಮೇಲ್ ನೋಡುವುದೂ ನನ್ನ ತಲೆಗೇ ಬಂದಿದೆ. ಅದರಲ್ಲಿ ಒಂದು ಮಿಲ್‌ನ ಐಡಿ ಹತ್ತು ವರ್ಷ ಹಳೆಯದು. ಬೋರ್ಡು, ಬಿಲ್ ಬುಕ್ಕು, ಅಕ್ಕಿ ಚೀಲ, ಎಲ್ಲಾ ಕಡೆ ಅದೇ ಅಚ್ಚಾಗಿದೆ. ಹೋದ ವರ್ಷ ಅದು ತುಂಬಿ ನಿಂತುಬಿಟ್ಟಿತು. ಪಾರ್ಟಿಗಳು, ಅಂದರೆ ಅಕ್ಕಿ ಕೊಳ್ಳುವವರು, ಕಳಿಸಿದ ಮೇಲ್ ವಾಪಸ್ ಹೋಗತೊಡಗಿತು. ಓದದೇ ಬಿದ್ದದ್ದು 38 ಸಾವಿರದ ಹತ್ತಿರ.

"ಹೊಸ ಐಡಿ ಮಾಡಿಬಿಡ್ರಿ" ಅಂದರು ಸಾಹುಕಾರ್ರು. ಕಂಪ್ಯೂಟರ್ ಅಂಗಡಿಯವರು, ತಿಂಗಳಿಗೆ 130 ರೂಪಾಯಿ ಕಟ್ಟಿ 100 ಜಿಬಿ ತಗೊಳ್ಳಿ, ಇದನ್ನೆಲ್ಲ ಆರಿಸುತ್ತಾ ಕೂತರೆ ಈ ಜನ್ಮಕ್ಕೆ ಮುಗಿಯಲ್ಲ ಅಂದರು. ನನಗೆ ಹಟ ಬಂತು.

ಮೊದಲು ಎಲ್ಲರಂತೆ ನಾನೂ ಬ್ಲಾಕ್ ಮಾಡುತ್ತಾ ಹೋದೆ. ಒಂದು ವಾರ, ದಿನಾ ರಾತ್ರಿ, ಹತ್ತಿರ ಹತ್ತಿರ 300 ವಿಳಾಸ. ಏನೂ ಆಗಲಿಲ್ಲ. ಸಾಲ ಕೊಡ್ತೀವಿ ಅನ್ನುವವರು ಇವತ್ತು ಒಂದು ಹೆಸರಲ್ಲಿ, ನಾಳೆ ಅದಕ್ಕೊಂದು ಅಂಕಿ ಸೇರಿಸಿ ಬರುತ್ತಾರೆ. ಅದೂ ಅಲ್ಲದೆ ಜಿಮೇಲ್‌ನಲ್ಲಿ ಬ್ಲಾಕ್ ಅಂದರೆ ಬಾಗಿಲು ಹಾಕಿದ ಹಾಗಲ್ಲ. ಮೇಲ್ ಬರುತ್ತದೆ, ಸ್ಪ್ಯಾಮ್ ಅನ್ನುವ ಕಸದ ಡಬ್ಬಿಯಲ್ಲಿ 30 ದಿನ ಕೂತಿರುತ್ತದೆ, ಅಲ್ಲಿಯವರೆಗೆ ಜಾಗವನ್ನೂ ತಿನ್ನುತ್ತದೆ.

ಆಮೇಲೆ ಕಂಡಕಂಡ ಕಡೆ ಅನ್‌ಸಬ್‌ಸ್ಕ್ರೈಬ್, ಅಂದರೆ "ಇನ್ನು ಕಳಿಸಬೇಡಿ" ಅನ್ನುವುದನ್ನು, ಒತ್ತಿದೆ. ಇದು ಇನ್ನೂ ದೊಡ್ಡ ತಪ್ಪು. ಹೆಸರಿರುವ ಕಂಪನಿಗಳು ನಿಲ್ಲಿಸಿದವು. ಲಾಟರಿ, ಸಾಲದವರು ಮಾತ್ರ "ಓಹೋ, ಈ ಐಡಿಯಲ್ಲಿ ಮನುಷ್ಯರಿದ್ದಾರೆ" ಅಂತ ತಿಳಿದುಕೊಂಡರು ಅನಿಸುತ್ತದೆ. ದಿನಕ್ಕೆ 60 ಬರುತ್ತಿದ್ದದ್ದು ಹದಿನೈದು ದಿನದಲ್ಲಿ 90 ದಾಟಿತು.

ಮೂರನೇ ತಪ್ಪಿಗೆ ದುಡ್ಡೇ ಹೋಯಿತು. ಅನ್‌ಸಬ್‌ಸ್ಕ್ರೈಬ್ ಎಂಬ ಪದ ಇರುವ ಮೇಲ್ ಎಲ್ಲಾ ತಾನೇ ಡಿಲೀಟ್ ಆಗಲಿ ಅಂತ ಫಿಲ್ಟರ್, ಅಂದರೆ ಬಂದ ಮೇಲ್ ಆರಿಸುವ ಜರಡಿ, ಹಾಕಿದೆ. ಎರಡು ದಿನ ಇನ್‌ಬಾಕ್ಸ್ ಕನ್ನಡಿ ಹಾಗೆ ಹೊಳೆಯಿತು. ಬೆಂಗಳೂರಿನ ಒಬ್ಬ ಹಳೇ ಪಾರ್ಟಿ ಹೊಸ ಸಾಫ್ಟ್‌ವೇರ್ ಹಾಕಿಸಿದ್ದರಂತೆ. ಅವರ ಆರ್ಡರ್ ಮೇಲ್‌ನ ಅಡಿಯಲ್ಲೂ ಅದೇ ಪದ! ಒಂದು ಲೋಡ್ ಸೋನಾ ಮಸೂರಿ, 25 ಟನ್ ಇರಬೇಕು, ಬೇರೆ ಮಿಲ್‌ಗೆ ಹೋಯಿತು. "ಏನ್ರಿ, ಅವರು ಮೇಲ್ ಕಳಿಸ್ಯಾರಂತ, ನಿಮಗ ಕಾಣಲಿಲ್ಲೇನು?" ಅಂತ ಸಾಹುಕಾರ್ರು ಕೇಳಿದಾಗ ನೆಲ ನೋಡುತ್ತಾ ನಿಂತಿದ್ದೆ. 30 ಸಾವಿರದ ಮೇಲೆ ಲುಕ್ಸಾನು. ನನ್ನ ಆ ತಿಂಗಳ ಪಗಾರದಲ್ಲಿ 2 ಸಾವಿರ ಕಡಿತ.

ಅವತ್ತು ಮಿಲ್‌ನ ಸಾರ್ಟೆಕ್ಸ್, ಅಂದರೆ ಬಣ್ಣ ನೋಡಿ ಅಕ್ಕಿ ಆರಿಸುವ ಯಂತ್ರದ ಮುಂದೆ ಕೂತಿದ್ದೆ. ಅದು ಕಪ್ಪು ಕಾಳನ್ನು ಸುಡುವುದಿಲ್ಲ, ಪಕ್ಕಕ್ಕೆ ಹಾರಿಸುತ್ತದೆ ಅಷ್ಟೇ. ನಾನೂ ಡಿಲೀಟ್ ಬಿಟ್ಟೆ. ಅದೇ ಫಿಲ್ಟರ್, ಆದರೆ ಇನ್‌ಬಾಕ್ಸ್‌ಗೆ ಬರದೆ "ತೌಡು" ಅನ್ನುವ ಲೇಬಲ್‌ಗೆ ಹೋಗಬೇಕು. ಶನಿವಾರ ಸಂಜೆ ಹತ್ತು ನಿಮಿಷ ತೌಡು ಜಾಲಿಸುತ್ತೇನೆ.

ಅದಕ್ಕೂ ಮುಂಚೆ ಒಳ್ಳೆಯವರನ್ನು ಕಾಯಬೇಕು. ಪಾರ್ಟಿಗಳು, ದಲ್ಲಾಳಿಗಳು, ಲಾರಿ ಆಫೀಸು, ಸರ್ಕಾರದ ಜಿಓವಿ ಡಾಟ್ ಇನ್, ಎಲ್ಲಕ್ಕೂ "ಸ್ಪ್ಯಾಮ್‌ಗೆ ಕಳಿಸಬೇಡ" ಅಂತ ಹಾಕಿ, ತೌಡು ಫಿಲ್ಟರ್‌ನಿಂದ ಹೊರಗಿಟ್ಟೆ. ಬ್ಯಾಂಕಿನದು ತಲೆನೋವಾಗಿತ್ತು. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್ ಅಂತ ಮುಗಿಯುವ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ಸ್ವಲ್ಪ ಹಗುರಾಯಿತು. ಹಳೇ ವಿಳಾಸಗಳನ್ನೂ ಇನ್ನೂ ತೆಗೆದಿಲ್ಲ.

ಇನ್ನು ಅನ್‌ಸಬ್‌ಸ್ಕ್ರೈಬ್. ನಾವೇ ಯಾವಾಗಲೋ ಐಡಿ ಕೊಟ್ಟು ಬಂದ ಕಂಪನಿಗಳಿಗೆ ಮಾತ್ರ. ಅದೂ ಮೇಲ್‌ನ ಒಳಗಿನ ಲಿಂಕ್ ಅಲ್ಲ, ಕಳಿಸಿದವರ ಹೆಸರಿನ ಪಕ್ಕ ಜಿಮೇಲ್ ತಾನೇ ತೋರಿಸುವುದು. ರಾಶಿಗಟ್ಟಲೆ ಜಾಹೀರಾತು ಮೇಲ್ ಕಳಿಸುವವರು ಒಂದೇ ಒತ್ತಿಗೆ ಬಿಡುಗಡೆ ಕೊಡಬೇಕು ಅಂತ 2024ರಲ್ಲಿ ಗೂಗಲ್, ಯಾಹೂ ಎರಡೂ ನಿಯಮ ತಂದಿವೆ. ಎರಡು ದಿನ ಕಾಯಿರಿ, ನಿಲ್ಲುತ್ತದೆ. ನಿಲ್ಲದಿದ್ದರೆ ಆ ಕಂಪನಿಯ ಡೊಮೇನ್ (ವಿಳಾಸದಲ್ಲಿ @ ಆದ ಮೇಲಿನ ಭಾಗ) ಪೂರ್ತಿ ತೌಡಿಗೆ. ಗುರುತಿಲ್ಲದವರಿಗೆ ಅನ್‌ಸಬ್‌ಸ್ಕ್ರೈಬ್ ಇಲ್ಲ, ಸ್ಪ್ಯಾಮ್ ಅಂತ ದೂರು ಕೊಡುವುದೊಂದೇ. ನನ್ನ ಇನ್ನೊಂದು ಫಿಲ್ಟರ್ ಇದೆ, ಮೂರು ಪದದ್ದು, ಸಾಲದವರನ್ನು ನೂರಕ್ಕೆ ತೊಂಬತ್ತು ಹಿಡಿಯುತ್ತದೆ. ಆ ಪದ ಕೇಳಬೇಡಿ, ಅದು ನನ್ನ ಅನ್ನ.

ಜಾಗದ ವಿಷಯದಲ್ಲಿ ನಾನೇ ಬೇಸ್ತು ಬಿದ್ದೆ. 30 ಸಾವಿರ ಜಾಹೀರಾತು ಅಳಿಸಿದರೂ ಖಾಲಿಯಾದದ್ದು ಎರಡು ಜಿಬಿ ಚಿಲ್ಲರೆ. ಐಡಿಯ 15 ಜಿಬಿ ಜಾಗದಲ್ಲಿ ಹೆಚ್ಚು ತಿಂದದ್ದು ನಮ್ಮದೇ ಕಾಟಾ (ತೂಕದ) ಚೀಟಿಗಳ ಸ್ಕ್ಯಾನ್, ಜೊತೆಗೆ ಸಾಹುಕಾರ್ರ ಮಗನ ಮದುವೆ ಫೋಟೋ. 10 ಎಂಬಿ ಮೇಲಿನವನ್ನು ಹುಡುಕಿ, ಹಾರ್ಡ್ ಡಿಸ್ಕಿಗೆ ಇಳಿಸಿ ಅಳಿಸಿದೆ. ಒಂದೇ ಮಧ್ಯಾಹ್ನದಲ್ಲಿ 7 ಜಿಬಿ. ಇದನ್ನೇ ಮೊದಲು ಮಾಡಬೇಕಿತ್ತು.

ಸುಮ್ನೆ ಒಂದು ಆಟವನ್ನೂ ಆಡಿದೆ. ಐಡಿಯಲ್ಲಿ ಹೆಸರು ಮುಗಿದ ಮೇಲೆ, @ಗಿಂತ ಮುಂಚೆ, ಪ್ಲಸ್ ಹಾಕಿ ಒಂದು ಪದ ಸೇರಿಸಿದರೂ ಮೇಲ್ ನಮಗೇ ಬರುತ್ತದಲ್ವಾ? ಕೇಳಿದ ಕಡೆಯೆಲ್ಲ ಬೇರೆ ಬೇರೆ ಪದ ಕೊಟ್ಟೆ. ಕೆಲವು ಫಾರಂ ಪ್ಲಸ್ ಒಪ್ಪಲಿಲ್ಲ. ಆರು ತಿಂಗಳಾದ ಮೇಲೆ ಒಂದು ಬಿಡಿಭಾಗದ ಅಂಗಡಿಗೆ ಕೊಟ್ಟ ಪದಕ್ಕೆ ಸಾಲದವರ ಮೇಲ್ ಬಂತು. ಕಳ್ಳ ಸಿಕ್ಕ. ಅಂಗಡಿಯ ಹೆಸರು ಹೇಳಲ್ಲ, ನಾಳೆ ರೋಲರ್ ಬೇಕಾದರೆ ಅಲ್ಲಿಗೇ ಹೋಗಬೇಕು.

ಈಗ ಇನ್‌ಬಾಕ್ಸ್‌ಗೆ ದಿನಕ್ಕೆ ಬರುವುದು ಹದಿನೈದಿಪ್ಪತ್ತು, ಎಲ್ಲಾ ಕೆಲಸದವು. ಉಳಿದ ಮೂರು ಮಿಲ್‌ಗೂ ಇದನ್ನೇ ಮಾಡಿದೆ, ಐಡಿಗೆ 1,500 ರೂಪಾಯಿ. ಕಡಿತವಾದ 2 ಸಾವಿರ ಹೀಗೆ ವಾಪಸ್ ಬಂತು. ಹೋದ ವಾರ ಕಂಪ್ಯೂಟರ್ ಅಂಗಡಿಯವರೇ ಫೋನ್ ಮಾಡಿದ್ದರು. ಅವರ ಐಡಿಯಲ್ಲಿ ಓದದೇ ಬಿದ್ದದ್ದು 22 ಸಾವಿರ ಅಂತೆ. ಅವರಿಗೆ 2 ಸಾವಿರ ಹೇಳಿದ್ದೇನೆ.