ಬೀಥೋವನ್ ಐದನೇ ಸಿಂಫನಿ: ಧ್ವನಿಮುದ್ರಿಕೆಗಳನ್ನು ತೂಗಿ ನೋಡುವ ಬಗೆ

ಒಂದೇ ಸಿಂಫನಿಯ ನಾಲ್ಕಾರು ಧ್ವನಿಮುದ್ರಿಕೆ ಕೇಳಿ "ಇದು ಚೆನ್ನಾಗಿದೆ, ಅದು ಅಷ್ಟಕ್ಕಷ್ಟೆ" ಎಂದು ಹೇಳಿಬಿಡುವುದು ಸುಲಭ. ಆದರೆ ಆ ತೀರ್ಪು ಕೊಟ್ಟದ್ದು ಬಹಳ ಸಲ ನಿಮ್ಮ ಕಿವಿಯಲ್ಲ, ವಾಲ್ಯೂಮ್. ಎರಡರಲ್ಲಿ ಒಂದು ಒಂದೇ ಒಂದು ಡೆಸಿಬಲ್ ಜಾಸ್ತಿ ಇದ್ದರೂ ಸಾಕು, ಅದೇ ಹೆಚ್ಚು ತುಂಬಿಕೊಂಡಂತೆ, ಹೆಚ್ಚು ಹತ್ತಿರ ಇದ್ದಂತೆ ಕೇಳುತ್ತದೆ. ಹಾಗಾಗಿ ಮೊದಲ ಕೆಲಸ ಸದ್ದು ಸಮ ಮಾಡುವುದು.

ಸ್ಪೀಕರಿನಲ್ಲಿ ಕೇಳುವವರು ಫೋನಿಗೆ ಶಬ್ದ ಅಳೆಯುವ ಯಾವುದಾದರೂ ಉಚಿತ ಆಪ್ ಹಾಕಿಕೊಂಡು, ನೀವು ಕೂರುವ ಜಾಗದಲ್ಲೇ ಫೋನ್ ಇಡಿ. ನಾಲ್ಕನೇ ಭಾಗದ ಮೊದಲ 20 ಸೆಕೆಂಡನ್ನು ಪ್ರತಿ ಮುದ್ರಿಕೆಯಲ್ಲೂ ನುಡಿಸಿ, ಸರಾಸರಿ ಅರ್ಧ ಡೆಸಿಬಲ್ ಒಳಗೆ ಬರುವ ಹಾಗೆ ವಾಲ್ಯೂಮ್ ಹೊಂದಿಸಿ, ಆ ಮಟ್ಟವನ್ನು ಬರೆದಿಟ್ಟುಕೊಳ್ಳಿ. ಹೆಡ್‌ಫೋನಿನಲ್ಲಿ ಈ ಉಪಾಯ ನಡೆಯದು. ಸ್ವಂತ ಸೀಡಿಯ ಫೈಲುಗಳಿದ್ದರೆ ಆಡಾಸಿಟಿ ತಂತ್ರಾಂಶದಲ್ಲಿ ನಾಲ್ಕೂ ಭಾಗಗಳನ್ನು ಒಂದೇ ಫೈಲಾಗಿ ಜೋಡಿಸಿ, ಲೌಡ್‌ನೆಸ್ ನಾರ್ಮಲೈಸೇಶನ್ (ಸದ್ದು ಸಮ ಮಾಡುವ ಆಯ್ಕೆ) ಅನ್ನು ಎಲ್ಲದಕ್ಕೂ -23 ಎಲ್‌ಯುಎಫ್‌ಎಸ್ (ಕೇಳುವ ಸದ್ದಿನ ಅಳತೆ) ಮಟ್ಟಕ್ಕೆ ಕೊಡಿ. ಭಾಗಭಾಗಕ್ಕೆ ಬೇರೆಬೇರೆ ಕೊಟ್ಟರೆ ಕೆಟ್ಟಿತು: ಮೆಲ್ಲಗಿರಬೇಕಾದ ಮೂರನೇ ಭಾಗ ಮೇಲೆದ್ದು, ನಾಲ್ಕನೆಯದು ಸಿಡಿಯುವ ಹೊತ್ತಿಗೆ ಸಿಡಿಯಲು ಏನೂ ಉಳಿದಿರುವುದಿಲ್ಲ.

ಸ್ಟ್ರೀಮಿಂಗ್ ಆಪ್‌ಗಳಲ್ಲಿ ಇದೇ ತೊಂದರೆ ತಾನಾಗಿಯೇ ಆಗಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ವಾಲ್ಯೂಮ್ ನಾರ್ಮಲೈಸ್ ಮಾಡುವುದನ್ನು ಆಫ್ ಮಾಡಿ, ಕ್ರಾಸ್‌ಫೇಡ್ (ಒಂದು ಭಾಗದ ಕೊನೆಯ ಮೇಲೆ ಮುಂದಿನದನ್ನು ಬೆರೆಸುವುದು) ಸೊನ್ನೆಗೆ ಇಳಿಸಿ, ಗ್ಯಾಪ್‌ಲೆಸ್ (ನಡುವೆ ತಡೆಯಿಲ್ಲದೆ ನುಡಿಸುವುದು) ಆನ್ ಮಾಡಿ. ಈ ಸಿಂಫನಿಯ ಮೂರು ಮತ್ತು ನಾಲ್ಕನೇ ಭಾಗಗಳ ನಡುವೆ ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲ. ಆಪ್ ಅಲ್ಲಿ ಅರ್ಧ ಸೆಕೆಂಡ್ ತಡೆದರೆ ತಪ್ಪು ವಾದ್ಯವೃಂದದ ನಿರ್ದೇಶಕನ ತಲೆಗೆ ಬರುತ್ತದೆ.

ಹೊತ್ತು: ಮೈಸೂರಿನಲ್ಲಿ ರಾತ್ರಿ ಹತ್ತರ ಮೇಲೆ, ಫ್ಯಾನ್ ಆಫ್ ಮಾಡಿ. ಚಳಿಗಾಲ ಇದಕ್ಕೆ ಹೇಳಿಮಾಡಿಸಿದ್ದು. ಧನುರ್ಮಾಸದ ಬೆಳಗಿನ ಜಾವ ಮಾತ್ರ ಬೇಡ, ದೇವಸ್ಥಾನದ ಮೈಕಿನ ಮುಂದೆ ಯಾವ ವಾದ್ಯವೃಂದವೂ ನಿಲ್ಲುವುದಿಲ್ಲ.

ಯಾವುದನ್ನು ಕೇಳುವುದು? ಒಂದು ಸಂಜೆಗೆ ಮೂರಕ್ಕಿಂತ ಹೆಚ್ಚು ಬೇಡ, ಕಿವಿ ದಣಿದ ಮೇಲೆ ಎಲ್ಲವೂ ಒಂದೇ. ಅಳತೆಗೋಲಾಗಿ ನಿರ್ದೇಶಕ ಕಾರ್ಲೋಸ್ ಕ್ಲೈಬರ್ ವಿಯೆನ್ನಾ ಫಿಲ್ಹಾರ್ಮೋನಿಕ್ ವೃಂದದ ಜೊತೆ 1974ರಲ್ಲಿ ಮಾಡಿದ್ದನ್ನು ಇಟ್ಟುಕೊಳ್ಳಿ. ಇದರ ಪಕ್ಕಕ್ಕೆ ಕ್ಲೆಂಪರರ್ ಲಂಡನ್ನಿನ ಫಿಲ್ಹಾರ್ಮೋನಿಯಾ ವೃಂದದ ಜೊತೆ ಮಾಡಿದ್ದು, ನಿಧಾನ, ಬಂಡೆಯಂತೆ ಗಟ್ಟಿ. ಮೈಸೂರಿನವರಿಗೆ ಇದರಲ್ಲಿ ಒಂದು ನಂಟೂ ಇದೆ: ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ನಮ್ಮ ಜಯಚಾಮರಾಜ ಒಡೆಯರು. ಮೂರನೆಯದು ಜಾನ್ ಎಲಿಯಟ್ ಗಾರ್ಡಿನರ್, ಬೀಥೋವನ್ ಕಾಲದ ಬಗೆಯ ವಾದ್ಯಗಳಲ್ಲಿ. ಇನ್ನೊಂದು ಸಂಜೆಗೆ ಕರಾಯನ್ ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ 1962ರದ್ದು, ಫುರ್ಟ್‌ವೆಂಗ್ಲರ್ 1947ರ ಮೇ ತಿಂಗಳ ಕಛೇರಿಯದ್ದು. ಫುರ್ಟ್‌ವೆಂಗ್ಲರ್ ಇದನ್ನು ಹಲವು ಸಲ ಮುದ್ರಿಸಿದ್ದಾನೆ. ಯೂಟ್ಯೂಬಿನಲ್ಲಿ 1943ರದ್ದಕ್ಕೆ 1947ರ ಹೆಸರು ಅಂಟಿದ್ದರೂ ಆಶ್ಚರ್ಯವಿಲ್ಲ. ತಾರೀಖು, ಊರು, ವೃಂದ ಮೂರೂ ಇಲ್ಲದ ಅಪ್‌ಲೋಡನ್ನು ಹೋಲಿಕೆಗೆ ತೆಗೆದುಕೊಳ್ಳಬೇಡಿ.

ಹಳೇ ಮುದ್ರಿಕೆಗಳಲ್ಲಿ ವೇಗ ಅಳೆಯುವ ಮುಂಚೆ ಶ್ರುತಿ ನೋಡಬೇಕು. ಇದಕ್ಕೆ ನಮ್ಮ ಶ್ರುತಿಪೆಟ್ಟಿಗೆಗಿಂತ ಒಳ್ಳೆಯ ಸಾಧನವಿಲ್ಲ. ಒಂದನೇ ಮನೆಗೆ, ಅಂದರೆ 'ಸಿ'ಗೆ ಸೇರಿಸಿ, ಪಂಚಮ ಹಾಕಿ, ಸಿಂಫನಿಯ ಕಟ್ಟಕಡೆಯ ಹಿಡಿದು ನಿಲ್ಲಿಸುವ ಸ್ವರವನ್ನು ನುಡಿಸಿ, ಅದು ಷಡ್ಜ. ಹೊಂದದಿದ್ದರೆ ಸೂಕ್ಷ್ಮ ಶ್ರುತಿಯ ಗುಂಡಿ ತಿರುಗಿಸಿ ಎಷ್ಟು ಸರಿದಿದೆ ನೋಡಿ. ಹಳೇ ಬಗೆಯ ವಾದ್ಯದವರು ವೃಂದ ಶ್ರುತಿ ಸೇರಿಸಿಕೊಳ್ಳುವ 'ಎ' ಸ್ವರವನ್ನು 440ರ ಬದಲು 430 ಹರ್ಟ್ಸ್ ಸುಮಾರಿಗೆ ಇಟ್ಟುಕೊಳ್ಳುವುದುಂಟು, ಅಲ್ಲಿ ಕಾಲು ಸ್ವರದ ಹತ್ತಿರ ತಗ್ಗಿದ್ದರೆ ಅದು ಸರಿಯೇ. ಆದರೆ ಹಳೇ ತಟ್ಟೆಯಿಂದ ಇಳಿಸಿದ ಮುದ್ರಿಕೆ ಅರ್ಧ ಸ್ವರ ಮೇಲಿದ್ದರೆ, ತಟ್ಟೆಯನ್ನು ಶೇಕಡ 6ರಷ್ಟು ಜೋರಾಗಿ ತಿರುಗಿಸಿದ್ದಾರೆ ಎಂದು ಅನುಮಾನಿಸಿ. ಏಳೂಕಾಲು ನಿಮಿಷದ ಮೊದಲ ಭಾಗದಲ್ಲಿ ಇದರಿಂದ ಸುಮಾರು 25 ಸೆಕೆಂಡ್ ಕರಗಿಹೋಗುತ್ತದೆ, ನೀವು ನಿರ್ದೇಶಕನ ಚುರುಕನ್ನು ಹೊಗಳುತ್ತಾ ಕೂತಿರುತ್ತೀರಿ.

ಈಗ ಕಾಲಪ್ರಮಾಣ. ಡಬ್ಬಿಯ ಮೇಲಿನ ಅವಧಿಯನ್ನು ನಂಬಬೇಡಿ, ಅದರಲ್ಲಿ ಪುನರಾವರ್ತನೆಯ ಲೆಕ್ಕ ಅಡಗಿರುತ್ತದೆ. ಮೊದಲ ಭಾಗದಲ್ಲಿ ಸುಮಾರು 45ನೇ ಸೆಕೆಂಡಿಗೆ ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯಗಳು ಮಾತ್ರ ಕೂಗುವ ಜಾಗವಿದೆ, 59ನೇ ಬಾರ್ (ಬಾರ್ ಎಂದರೆ ಬರೆದ ಸಂಗೀತದ ಒಂದು ಆವರ್ತ). ಅಲ್ಲಿ ಸ್ಟಾಪ್‌ವಾಚ್ ಒತ್ತಿ, ಆರಂಭದ ನಾಲ್ಕು ಹೊಡೆತ ಮತ್ತೆ ಬಂದಾಗ ನಿಲ್ಲಿಸಿ. ನಡುವೆ 66 ಬಾರ್, ಎಲ್ಲೂ ತಡೆದು ನಿಲ್ಲಿಸುವ ಸ್ವರವಿಲ್ಲ. 3960ನ್ನು ನಿಮಗೆ ಸಿಕ್ಕ ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಬಾರ್ ಎಂದು ಸಿಗುತ್ತದೆ. 45 ಸೆಕೆಂಡಾದರೆ 88, 40 ಆದರೆ 99. ಬೀಥೋವನ್ ಬರೆದದ್ದು 108. ಅದಕ್ಕೆ 37 ಸೆಕೆಂಡಿನೊಳಗೆ ಮುಗಿಯಬೇಕು. ಬಹಳ ಜನ ಅಲ್ಲಿಗೆ ತಲುಪುವುದೇ ಇಲ್ಲ, ಅದೇನೂ ಅಪರಾಧವಲ್ಲ.

ಇಡೀ ಕೃತಿಯನ್ನು ಒಂದಾದಮೇಲೊಂದು ಕೇಳಿದರೆ ಎರಡನೆಯದು ಬರುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ಜಾಗಗಳನ್ನು ಗೊತ್ತುಮಾಡಿಕೊಂಡು ಅವನ್ನೇ ಕೇಳಿ. ಸ್ಕೋರ್, ಅಂದರೆ ಸಂಗೀತದ ಬರಹ, ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಉಚಿತ.

ಆರಂಭವೇ ದೊಡ್ಡ ಪರೀಕ್ಷೆ. ಮೊದಲ ಸ್ವರಕ್ಕೆ ಮುಂಚೆ ಅರ್ಧ ಎಣಿಕೆಯ ಮೌನವಿದೆ, ನಮ್ಮ ಅನಾಗತ ಎಡುಪಿನ ಹಾಗೆ. ಅದನ್ನು ಮನಸ್ಸಿನಲ್ಲಿಟ್ಟು ನುಡಿಸಿದರೆ ಮೂರು ಚಿಕ್ಕ ಸ್ವರ ನಾಲ್ಕನೆಯದರ ಕಡೆ ಧಾವಿಸುತ್ತವೆ. ಇಲ್ಲದಿದ್ದರೆ ತ್ರಿಶ್ರದಂತೆ 'ತಕಿಟ' ಆಗಿ ಕೂರುತ್ತವೆ. ಎರಡನೇ ಸಲದ ದೀರ್ಘ ಸ್ವರಕ್ಕೆ ಬೀಥೋವನ್ ಒಂದು ಬಾರ್ ಹೆಚ್ಚು ಕೊಟ್ಟಿದ್ದಾನೆ, ಅದು ಮೊದಲನೆಯದಕ್ಕಿಂತ ಉದ್ದ ಇರಬೇಕು. ಎರಡನ್ನೂ ಸಮ ಹಿಡಿದವರನ್ನು ಗುರುತು ಮಾಡಿಕೊಳ್ಳಿ. ಅದರ ಹಿಂದೆಯೇ ಅದೇ ತುಣುಕು ಎರಡನೇ ಪಿಟೀಲು, ವಿಯೋಲಾ, ಮೊದಲ ಪಿಟೀಲು, ಹೀಗೆ ಕೈ ಬದಲಾಗುತ್ತದೆ. ಕ್ಲೆಂಪರರ್ ಎರಡು ಪಿಟೀಲು ಗುಂಪುಗಳನ್ನು ಎದುರುಬದುರು ಕೂರಿಸುತ್ತಿದ್ದ. ಅವನ ಸ್ಟೀರಿಯೋ ಮುದ್ರಿಕೆಯಲ್ಲಿ ತುಣುಕು ಬಲದಿಂದ ಎಡಕ್ಕೆ ದಾಟುವುದು ಕಿವಿಗೆ ಕಾಣುತ್ತದೆ. ಮೋನೋದಲ್ಲಿ, ಅಂದರೆ ಎಡಬಲ ಬೇರೆಯಿಲ್ಲದ ಮುದ್ರಿಕೆಯಲ್ಲಿ, ಈ ಸುಖ ಹುಡುಕಬೇಡಿ.

ಇದೇ ಭಾಗದ ಉತ್ತರಾರ್ಧದಲ್ಲಿ ಓಬೋ ಎಂಬ ಊದುವಾದ್ಯ ಒಂಟಿಯಾಗಿ ಒಂದು ಸಣ್ಣ ಆಲಾಪನೆ ಮಾಡುತ್ತದೆ. ಅದಾದ ಅರ್ಧ ನಿಮಿಷಕ್ಕೆಲ್ಲ ಹಾರ್ನ್ ಕೂಗು ಮತ್ತೆ ಬರಬೇಕು, ಆದರೆ ಸ್ಕೋರಿನಲ್ಲಿ ಅದು ಬಸೂನ್ ಎಂಬ ಮರದ ಊದುವಾದ್ಯಗಳಿಗಿದೆ. ಆ ಕಾಲದ ಹಾರ್ನ್‌ಗೆ ಸ್ವರ ಬದಲಿಸುವ ವಾಲ್ವ್ ಇರಲಿಲ್ಲ, ಸಿ ಶ್ರುತಿಗೆ ಬದಲಾಯಿಸಿಕೊಳ್ಳಲು ಪುರುಸೊತ್ತೂ ಇರಲಿಲ್ಲ. ಇಂದಿಗೂ ಕೆಲವರು ಅಲ್ಲಿ ಹಾರ್ನ್ ನುಡಿಸುತ್ತಾರೆ. ಬಸೂನ್ ಬಡವಾಗಿ ಕೇಳುತ್ತದೆ ಅನ್ನುವುದು ನಿಜ, ಆದರೂ ಆ ಒರಟುತನವೇ ನಮಗೆ ಹೆಚ್ಚು ಇಷ್ಟ.

ಎರಡನೇ ಭಾಗದಲ್ಲಿ ಒಂದನ್ನು ಗಮನಿಸಿ ಸಾಕು: ವಿಯೋಲಾ ಮತ್ತು ಚೆಲ್ಲೋ ಹಾಡುವ ಮೊದಲ ಸಾಲು ನಡೆಯುತ್ತಿದೆಯೋ, ತೂಕಡಿಸುತ್ತಿದೆಯೋ.

ಮೂರನೆಯದರ ನಡುವೆ ಚೆಲ್ಲೋ, ಡಬಲ್ ಬಾಸ್‌ಗಳ ಓಟ. ಫ್ರೆಂಚ್ ಸಂಗೀತಗಾರ ಬೆರ್ಲಿಯೋಸ್ ಅದನ್ನು ಆನೆಗಳ ಕುಣಿದಾಟಕ್ಕೆ ಹೋಲಿಸಿದ್ದ. ದಸರಾ ತಾಲೀಮು ನೋಡಿದವರಿಗೆ ವಿವರಿಸಬೇಕಿಲ್ಲ. ಒಂದೊಂದು ಸ್ವರವೂ ಬಿಡಿಯಾಗಿ ಕೇಳಬೇಕು. ಗೊಜ್ಜಾದರೆ ಸ್ಪೀಕರ್ ಮೂಲೆಯಲ್ಲಿದೆಯೇ ನೋಡಿ, ಗೋಡೆಯಿಂದ ಎರಡಡಿ ಈಚೆಗೆ ಎಳೆದು ಮತ್ತೆ ಕೇಳಿ, ಆಮೇಲೆ ವೃಂದವನ್ನು ಬೈಯಿರಿ. ಕೊನೆಗೆ ಸುಮಾರು ಅರ್ಧ ನಿಮಿಷ ಟಿಂಪನಿ ಎಂಬ ನಗಾರಿ ಮೆಲ್ಲಗೆ ತಟ್ಟುತ್ತಿರುತ್ತದೆ, ಬೆಳಕು ಬರುವ ಮುಂಚಿನ ಕತ್ತಲೆ. ಸದ್ದು ಏರುವುದು ಕೊನೆಯ ಕೆಲವೇ ಬಾರ್‌ಗಳಲ್ಲಿ. ಮೊದಲೇ ಏರಿಸಿದವರು ಗುಟ್ಟು ಬಿಟ್ಟುಕೊಟ್ಟಂತೆ.

ನಾಲ್ಕನೆಯದರಲ್ಲಿ ಮೂರು ಟ್ರಾಂಬೋನ್, ಪಿಕೋಲೋ, ಕಾಂಟ್ರಾಬಸೂನ್ ಎಂಬ ಊದುವಾದ್ಯಗಳು ಮೊದಲ ಬಾರಿಗೆ ಬಾಯಿ ತೆರೆಯುತ್ತವೆ. ಇದರ ಮೊದಲ 85 ಬಾರ್‌ಗಳನ್ನು ಮತ್ತೊಮ್ಮೆ ನುಡಿಸಿ ಎಂದು ಸ್ಕೋರ್ ಹೇಳುತ್ತದೆ. ಕ್ಲೈಬರ್ ಹಾಗೆಯೇ ಮಾಡಿದ್ದಾನೆ, ಕರಾಯನ್ ಬಿಟ್ಟಿದ್ದಾನೆ. ಒಬ್ಬನದು ಹನ್ನೊಂದು ನಿಮಿಷದ ಹತ್ತಿರ, ಇನ್ನೊಬ್ಬನದು ಒಂಬತ್ತರ ಹತ್ತಿರ ಇರುವುದು ಅದರಿಂದ. ಇದನ್ನು ನೋಡಿ ಕ್ಲೈಬರ್ ನಿಧಾನ ಎಂದು ಬರೆದುಕೊಂಡಿದ್ದರೆ ಹೊಡೆದುಹಾಕಿ.

ಕೊನೆಗೆ ಫೋನನ್ನು ಮನೆಯವರ ಕೈಗೆ ಕೊಟ್ಟು, ಹೆಸರು ಹೇಳದೆ ಇದೇ ಜಾಗಗಳನ್ನು ಹಿಂದುಮುಂದಾಗಿ ನುಡಿಸಲು ಹೇಳಿ. ಕ್ಲೈಬರ್ ಎಂದು ನೀವು ಮೆಚ್ಚಿದ್ದು ಬೇರೆ ಯಾರದ್ದೋ ಆಗಿದ್ದರೆ ಪುಸ್ತಕದಲ್ಲಿ ಅದನ್ನೂ ಬರೆಯಿರಿ, ಪೆನ್ಸಿಲಿನಲ್ಲಿ ಬೇಡ.