ಕಾದಂಬರೀಲಿ ಹೆಂಗಸ್ರ ದನಿ ಹುಡ್ಕೋದ್ ಹೆಂಗೆ

ತುಮಕೂರಲ್ಲಿ ನಾವ್ ನಾಲ್ಕೈದ್ ಜನ ಹುಡ್ಗೀರು ಭಾನುವಾರ ಕೂತ್ಕೊಂಡ್ ಓದ್ತೀವಿ, ಅಲ್ಲಿ ಕಲ್ತಿದ್ದು ಇದು. ಪೆನ್ಸಿಲ್ ಹಿಡ್ಕೊಂಡು ಕತೇಲಿ ಬರೋ ಹೆಂಗಸನ್ನ ಯಾರು ಏನಂತ ಕರೀತಾರೆ ಗುರ್ತ್ ಹಾಕಿ, ಬರೀ ಇಂಥೋರ ಹೆಂಡ್ತಿ, ಸೊಸೆ ಅಂತಾನೇ ಇದ್ರೆ ಅರ್ಧ ಕತೆ ಅಲ್ಲೇ ಸಿಕ್ತು. ದುಡ್ಡು ಯಾರ ಕೈಲಿದೆ ಅದನ್ನೂ ನೋಡಿ. ತ್ರಿವೇಣಿಯವ್ರ ‘ಶರಪಂಜರ’ ತಗೊಳ್ಳಿ (1971ರ ಸಿನಿಮಾ ನೋಡಿದೀನಿ ಸಾಕು ಅನ್ಬೇಡಿ), ಅದ್ರ ನಾಯಕಿ ಕಾವೇರಿ, ಆಸ್ಪತ್ರೆಯಿಂದ ಹುಷಾರಾಗಿ ಮನೆಗ್ ಬಂದ್ರೂ ಸುತ್ತ ಇರೋರು ಹುಚ್ಚಿ ಅನ್ನೋ ಕಣ್ಣಲ್ಲೇ ನೋಡ್ತಾರೆ, ಹಂಗಾಗಿ ಅವಳ ಕಾಯಿಲೆಗಿಂತ ಅವ್ರ ಮಾತಿಗೆ ಗೆರೆ ಎಳೀರಿ. ಎಂ.ಕೆ. ಇಂದಿರಾ ಅವ್ರ ‘ಫಣಿಯಮ್ಮ’ ಬೇರೆ ಥರ, ಬಾಲವಿಧವೆ, ಕೂಗಾಟ ಇಲ್ಲ, ಆದ್ರೆ ಇನ್ನೊಂದ್ ಹುಡ್ಗಿ ತಲೆ ಬೋಳಿಸೋ ಮಾತು ಬಂದಾಗ ಆಯಮ್ಮ ಯಾರ ಕಡೆ ನಿಲ್ತಾಳೆ ನೋಡಿ, ಆ ಪುಟ ಎರಡ್ ಸಲ ಓದಿ.